ಫೈನೈಟ್ ಎಲಿಮೆಂಟ್ ಅಸೆಂಬ್ಲಿ: ಕೆಲಸ ಹಲವು ಥ್ರೆಡ್‌ಗಳಿಗೆ, ಉತ್ತರ ಮಾತ್ರ ಒಂದೇ

"ಸರ್, ಅದೇ ಮಾಡೆಲ್, ಅದೇ ಲೋಡ್. ಮೂರು ಸಲ ಓಡಿಸಿದೆ. ಮೂರು ಸಲವೂ ಬೇರೆ ಬೇರೆ ಉತ್ತರ ಬರ್ತಿದೆ."

ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ ಹೀಗೆ ಹೇಳಿದಾಗ ನಾನು ನಂಬಲಿಲ್ಲ. ಅದೊಂದು ಉಕ್ಕಿನ ಬ್ರಾಕೆಟ್. ಅದರ ತುದಿ ಎಷ್ಟು ಬಾಗುತ್ತದೆ ಎಂದು ನೋಡಬೇಕಿತ್ತು. ಉತ್ತರದ ಮೂರನೇ ಅಂಕಿ ಪ್ರತಿ ಸಲ ಬದಲಾಗುತ್ತಿತ್ತು. ಮೆಟೀರಿಯಲ್ ಡೇಟಾ ನೋಡಿದೆವು, ಲೋಡ್ ನೋಡಿದೆವು, ಸಮೀಕರಣ ಬಿಡಿಸುವ ಸಾಲ್ವರ್‌ನ ಟಾಲರೆನ್ಸ್ ನೋಡಿದೆವು. ಎರಡು ವಾರ ಹೋಯಿತು. ಕೊನೆಗೆ ಸಿಕ್ಕಿದ್ದು ಎಲಿಮೆಂಟ್ ಲೂಪ್‌ನ ಮೇಲೆ ಯಾರೋ ಸೇರಿಸಿದ್ದ ಓಪನ್‌ಎಂಪಿಯ (ಲೂಪ್‌ನ ಕೆಲಸವನ್ನು ಹಲವು ಥ್ರೆಡ್‌ಗಳಿಗೆ, ಅಂದರೆ ಒಟ್ಟಿಗೆ ಓಡುವ ಕೆಲಸಗಾರರಿಗೆ, ಹಂಚುವ ಸೂಚನೆಗಳ ಗುಂಪು) ಒಂದೇ ಒಂದು ಸಾಲು. ಲೂಪ್ ಬೇಗ ಮುಗಿಯುತ್ತಿತ್ತು. ಎರರ್ ಬರುತ್ತಿರಲಿಲ್ಲ. ಮ್ಯಾಟ್ರಿಕ್ಸ್ ಮಾತ್ರ ತಪ್ಪಾಗಿತ್ತು.

ಅಸೆಂಬ್ಲಿಯನ್ನು ಪ್ಯಾರಲಲ್ ಮಾಡುವುದು ಅಂದರೆ ಲೂಪ್ ಹಂಚುವುದಲ್ಲ, ಬರೆಯುವ ಜಾಗ ಹಂಚುವುದು. ಯಾವ ಸಂಖ್ಯೆಯನ್ನು ಯಾರು, ಯಾವಾಗ ಬರೆಯುತ್ತಾರೆ ಅನ್ನೋದು ಕೋಡ್ ಓಡುವ ಮೊದಲೇ ತೀರ್ಮಾನ ಆಗಿರಬೇಕು. ಇದನ್ನು ಹೇಗೆ ಮಾಡುವುದು ಅಂತ ಹಂತ ಹಂತವಾಗಿ ಹೇಳುತ್ತೇನೆ. ನಿಮ್ಮ ಹತ್ತಿರ ಒಂದು ಕೋರ್‌ನಲ್ಲಿ ಸರಿಯಾಗಿ ಓಡುವ ಸಿ++ ಅಥವಾ ಫೋರ್ಟ್ರಾನ್ ಕೋಡ್ ಇದೆ ಎಂದುಕೊಂಡಿದ್ದೇನೆ.

ತಪ್ಪು ಆಗುವುದು ಎಲ್ಲಿ?

ಅಸೆಂಬ್ಲಿ ನಿಮಗೆ ಗೊತ್ತಿರುವುದೇ. ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು (ಆ ಜಾಲವೇ ಮೆಶ್, ತುಂಡುಗಳು ಸೇರುವ ಬಿಂದುಗಳೇ ನೋಡ್) ಪ್ರತಿ ಎಲಿಮೆಂಟ್‌ಗೂ ಒಂದು ಸಣ್ಣ ಸ್ಟಿಫ್‌ನೆಸ್ (ಬಿಗಿತ) ಮ್ಯಾಟ್ರಿಕ್ಸ್ ಲೆಕ್ಕ ಹಾಕುತ್ತೇವೆ. ಅದನ್ನು ತಂದು ದೊಡ್ಡ ಗ್ಲೋಬಲ್ ಮ್ಯಾಟ್ರಿಕ್ಸ್‌ನಲ್ಲಿ ಸರಿಯಾದ ಜಾಗಕ್ಕೆ ಕೂಡಿಸುತ್ತೇವೆ. ಸಣ್ಣ ಮ್ಯಾಟ್ರಿಕ್ಸ್‌ನ ಲೆಕ್ಕ ಯಾರನ್ನೂ ಅವಲಂಬಿಸಿಲ್ಲ. ತೊಂದರೆ ಪೂರ್ತಿ ಇರುವುದು ಆ ಕೂಡಿಸುವ ಕೆಲಸದಲ್ಲಿ.

ಎರಡು ಸ್ಪ್ರಿಂಗ್‌ಗಳನ್ನು ಸಾಲಾಗಿ ಜೋಡಿಸಿ. ಮೂರು ನೋಡ್, ಪ್ರತಿ ಸ್ಪ್ರಿಂಗ್‌ನ ಸ್ಟಿಫ್‌ನೆಸ್ 1. ನಡುವಿನ ನೋಡ್ ಎರಡೂ ಸ್ಪ್ರಿಂಗ್‌ಗಳಿಗೆ ಸೇರಿದ್ದು. ಹಾಗಾಗಿ ಆ ಸಾಲು −1, 2, −1 ಆಗಬೇಕು. ಈಗ ಎರಡು ಥ್ರೆಡ್‌ಗಳಿಗೆ ಒಂದೊಂದು ಸ್ಪ್ರಿಂಗ್ ಕೊಡಿ. ಮೊದಲ ಥ್ರೆಡ್ ನಡುವಿನ ಜಾಗ ಓದುತ್ತದೆ, 0 ಇದೆ. ಅದೇ ಕ್ಷಣ ಎರಡನೇ ಥ್ರೆಡ್ ಕೂಡ ಓದುತ್ತದೆ, ಅದಕ್ಕೂ 0 ಕಾಣುತ್ತದೆ. ಇಬ್ಬರೂ 1 ಕೂಡಿಸಿ 1 ಬರೆಯುತ್ತಾರೆ. 2 ಇರಬೇಕಾದ ಕಡೆ 1 ಉಳಿಯಿತು. ಒಂದು ಸ್ಪ್ರಿಂಗ್‌ನ ಪಾಲು ಸದ್ದಿಲ್ಲದೆ ಮಾಯ.

ಎಡತುದಿ ಕಟ್ಟಿಹಾಕಿ ಬಲತುದಿಯನ್ನು ಎಳೆದರೆ ಈ ತಪ್ಪು ಮ್ಯಾಟ್ರಿಕ್ಸ್ ಸಿಂಗ್ಯುಲರ್ (ಒಂದೇ ಖಚಿತ ಉತ್ತರ ಕೊಡಲಾಗದ್ದು) ಆಗುತ್ತದೆ, ಸಾಲ್ವರ್ ಕೂಗಿ ಹೇಳುತ್ತದೆ. ಮಾಡೆಲ್ ಚಿಕ್ಕದಾದ್ದರಿಂದ ತಪ್ಪು ಕಂಡಿತು. ಹತ್ತು ಲಕ್ಷ ಎಲಿಮೆಂಟ್‌ಗಳ ಮಾಡೆಲ್‌ನಲ್ಲಿ ಇಂಥ ನಾಲ್ಕು ಪಾಲು ಕಳೆದುಹೋದರೆ ಸಾಲ್ವರ್ ಏನೂ ಹೇಳುವುದಿಲ್ಲ. ಉತ್ತರ ನೋಡೋಕೆ ಚೆನ್ನಾಗಿಯೇ ಇರುತ್ತದೆ. ನನಗೆ ಹೆದರಿಕೆ ಆಗೋದು ಇದಕ್ಕೇ.

ಹಂತ 1: ಮೊದಲು ಸಮಯ ಅಳೆಯಿರಿ

ಅಸೆಂಬ್ಲಿಗೆ ಎಷ್ಟು, ಸಾಲ್ವರ್‌ಗೆ ಎಷ್ಟು ಸಮಯ ಹೋಗುತ್ತದೆ ಅಂತ ಬೇರೆ ಬೇರೆ ಅಳೆಯಿರಿ. ಅಸೆಂಬ್ಲಿಯ ಒಳಗೂ ಲೋಕಲ್ ಲೆಕ್ಕಕ್ಕೆ (ಎಲಿಮೆಂಟ್‌ನ ಸಣ್ಣ ಮ್ಯಾಟ್ರಿಕ್ಸ್‌ಗೆ) ಎಷ್ಟು, ಕೂಡಿಸುವುದಕ್ಕೆ ಎಷ್ಟು ಅಂತ ಬಿಡಿಸಿ ನೋಡಿ.

ಒಟ್ಟು ಸಮಯದಲ್ಲಿ ಅಸೆಂಬ್ಲಿಯ ಪಾಲು 30% ಇದೆ ಎನ್ನಿ. 16 ಕೋರ್‌ಗಳಲ್ಲಿ ಅದು ಸರಿಯಾಗಿ 16 ಪಟ್ಟು ಬೇಗ ಆದರೂ ಇಡೀ ಕೆಲಸ 1.39 ಪಟ್ಟು ಬೇಗ ಆಗುತ್ತದೆ, ಅಷ್ಟೇ. ಉಳಿದ 70% ಹಾಗೇ ಕೂತಿರುತ್ತದೆ. ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಮಾತು ಇದು. ಒಂದೇ ಸಲ ಅಸೆಂಬ್ಲಿ, ಒಂದೇ ಸಲ ಸಾಲ್ವ್ ಆಗುವ ಲೀನಿಯರ್ ಸಮಸ್ಯೆ ನಿಮ್ಮದಾದರೆ ಮೊದಲು ಸಾಲ್ವರ್ ಕಡೆ ಗಮನ ಕೊಡಿ. ಪ್ಲಾಸ್ಟಿಸಿಟಿ, ರಬ್ಬರ್‌ನಂಥ ವಸ್ತು, ದೊಡ್ಡ ಡಿಫಾರ್ಮೇಶನ್ ಇದ್ದರೆ ವಿಷಯ ಬೇರೆ. ಅಲ್ಲಿ ನ್ಯೂಟನ್ ವಿಧಾನದ (ಸುತ್ತು ಸುತ್ತಾಗಿ ಉತ್ತರಕ್ಕೆ ಹತ್ತಿರವಾಗುವ ವಿಧಾನ) ಪ್ರತಿ ಸುತ್ತಿನಲ್ಲೂ ಮ್ಯಾಟ್ರಿಕ್ಸ್ ಹೊಸದಾಗಿ ಕಟ್ಟಬೇಕು. ಈ ಲೇಖನದ ಶ್ರಮಕ್ಕೆ ಫಲ ಸಿಗುವುದು ಅಲ್ಲಿ.

ಹಂತ 2: ಥ್ರೆಡ್ ಸೇರಿಸುವ ಮೊದಲೇ ಪರೀಕ್ಷೆ ಬರೆದಿಡಿ

ಈ ಹಂತವನ್ನು ದಯವಿಟ್ಟು ಮುಂದೆ ಹಾಕಬೇಡಿ. ನಮ್ಮ ಆ ಎರಡು ವಾರ ಉಳಿಯುತ್ತಿದ್ದದ್ದು ಇದರಿಂದಲೇ. ಮೂರು ಪರೀಕ್ಷೆ ಸಾಕು.

ಮೊದಲನೆಯದು ಸಾಲಿನ ಮೊತ್ತ. ಬೌಂಡರಿ ಕಂಡೀಷನ್ (ವಸ್ತುವನ್ನು ಎಲ್ಲಿ ಕಟ್ಟಿಹಾಕಿದೆ ಅನ್ನೋದು) ಹಾಕುವ ಮೊದಲು ಇಡೀ ವಸ್ತುವನ್ನು ಹಾಗೇ ಪಕ್ಕಕ್ಕೆ ಸರಿಸಿದರೆ ಒಳಗೆ ಯಾವ ಬಲವೂ ಹುಟ್ಟಬಾರದು. ಅಂದರೆ ಎಕ್ಸ್ ದಿಕ್ಕಿನ ಎಲ್ಲ ಡಿಗ್ರಿ ಆಫ್ ಫ್ರೀಡಮ್‌ಗಳಿಗೂ (ಒಂದು ನೋಡ್ ಒಂದು ದಿಕ್ಕಿನಲ್ಲಿ ಸರಿಯುವ ಅಳತೆ) 1, ಉಳಿದವಕ್ಕೆ 0 ಇಟ್ಟು ಮ್ಯಾಟ್ರಿಕ್ಸ್‌ನಿಂದ ಗುಣಿಸಿದರೆ ಸೊನ್ನೆ ಬರಬೇಕು. ವೈ, ಝಡ್‌ಗೂ ಹೀಗೇ. ಮೇಲಿನ ಸ್ಪ್ರಿಂಗ್ ನೋಡಿ: ಸರಿಯಾದ ಸಾಲು −1 + 2 − 1 = 0. ತಪ್ಪಾದ ಸಾಲು −1 + 1 − 1 = −1. ಎಷ್ಟೇ ದೊಡ್ಡ ಮಾಡೆಲ್ ಆಗಲಿ, ಒಂದು ಪಾಲು ಕಳೆದರೂ ಅದು ಯಾವ ಸಾಲಿನಲ್ಲಿ ಕಳೆಯಿತು ಅಂತ ಈ ಪರೀಕ್ಷೆ ಬೆರಳಿಟ್ಟು ತೋರಿಸುತ್ತದೆ. ಇದಕ್ಕೆ ಬೇಕಾಗುವುದು ದಿಕ್ಕಿಗೆ ಒಂದೇ ಒಂದು ಗುಣಾಕಾರ.

ಎರಡನೆಯದು ಸಿಮೆಟ್ರಿ. ನಿಮ್ಮ ಸಮಸ್ಯೆಯಲ್ಲಿ ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಆಗಿರಬೇಕಾದರೆ, 5ನೇ ಸಾಲಿನ 9ನೇ ಅಂಕಣವೂ 9ನೇ ಸಾಲಿನ 5ನೇ ಅಂಕಣವೂ ಒಂದೇ ಇರಬೇಕು. ಪಾಲು ಕಳೆಯುವಾಗ ಎರಡೂ ಕಡೆ ಒಟ್ಟಿಗೆ ಕಳೆಯುವುದು ಅಪರೂಪ.

ಮೂರನೆಯದು, ಒಂದೇ ಥ್ರೆಡ್‌ನಲ್ಲಿ ಕಟ್ಟಿದ ಮ್ಯಾಟ್ರಿಕ್ಸ್‌ನ ಜೊತೆ ಹೋಲಿಕೆ. ಇಲ್ಲಿ ಒಂದು ಎಚ್ಚರ ಬೇಕು. ಕಂಪ್ಯೂಟರ್‌ನಲ್ಲಿ ಕೂಡುವ ಕ್ರಮ ಬದಲಾದರೆ ಮೊತ್ತದ ಕೊನೆಯ ಅಂಕಿ ಬದಲಾಗುತ್ತದೆ. 0.1ಕ್ಕೆ 0.2 ಕೂಡಿಸಿ ಆಮೇಲೆ 0.3 ಕೂಡಿಸಿದರೆ 0.6000000000000001 ಬರುತ್ತದೆ. 0.2 ಮತ್ತು 0.3 ಮೊದಲು ಕೂಡಿಸಿದರೆ 0.6 ಬರುತ್ತದೆ. ಇದು ಬಗ್ ಅಲ್ಲ. ಡಬಲ್ ಸಂಖ್ಯೆಯಲ್ಲಿ ಸುಮಾರು 16 ಅಂಕಿ ಇರುತ್ತವೆ. ವ್ಯತ್ಯಾಸ 14, 15ನೇ ಅಂಕಿಯಲ್ಲಿ ಇದ್ದರೆ ಕ್ರಮದ ವ್ಯತ್ಯಾಸ. 1, 2, 3ನೇ ಅಂಕಿಯಲ್ಲಿ ಇದ್ದರೆ ಪಾಲು ಕಳೆದಿದೆ. ಹೋಲಿಸುವಾಗ ಮ್ಯಾಟ್ರಿಕ್ಸ್ ಹೋಲಿಸಿ, ಉತ್ತರವನ್ನಲ್ಲ. ಸಾಲ್ವರ್ ಸಣ್ಣ ವ್ಯತ್ಯಾಸವನ್ನೂ ಹಿಗ್ಗಿಸಿಬಿಡುತ್ತದೆ. ಆಗ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಹಂತ 3: ಎಲಿಮೆಂಟ್ ಲೆಕ್ಕವನ್ನು ಪೂರ್ತಿ ಪ್ರತ್ಯೇಕ ಮಾಡಿ

ಲೋಕಲ್ ಮ್ಯಾಟ್ರಿಕ್ಸ್ ಲೆಕ್ಕ ಹಾಕುವ ಫಂಕ್ಷನ್ ತನಗೆ ಕೊಟ್ಟಿದ್ದನ್ನು ಮಾತ್ರ ಓದಬೇಕು, ತನ್ನ ಉತ್ತರವನ್ನು ಮಾತ್ರ ಬರೆಯಬೇಕು. ಕೇಳೋಕೆ ಸುಲಭ. ಹಳೆಯ ಕೋಡ್‌ನಲ್ಲಿ ಇದು ಅಷ್ಟು ಸುಲಭ ಅಲ್ಲ.

ಫೋರ್ಟ್ರಾನ್‌ನಲ್ಲಿ ಕಾಮನ್ ಬ್ಲಾಕ್ (ಹಲವು ಸಬ್‌ರೂಟೀನ್‌ಗಳು ಹಂಚಿಕೊಳ್ಳುವ ಮೆಮೊರಿ) ಇದ್ದರೆ ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೊಂದಿದೆ. ಸಬ್‌ರೂಟೀನ್ ಒಳಗೆ ಒಂದು ವೇರಿಯಬಲ್ ಘೋಷಿಸುವ ಸಾಲಿನಲ್ಲೇ ಅದಕ್ಕೆ ಬೆಲೆ ಕೊಟ್ಟರೆ ಅದು ತಾನಾಗಿಯೇ ಸೇವ್ ವೇರಿಯಬಲ್ ಆಗುತ್ತದೆ. ಅಂದರೆ ಎಲ್ಲ ಥ್ರೆಡ್‌ಗಳಿಗೂ ಅದೊಂದೇ. ಸುಮ್ನೆ ಸೊನ್ನೆ ಇಟ್ಟು ಶುರು ಮಾಡೋಣ ಅಂತ ಬರೆದ ಸಾಲು ಇಡೀ ಅಸೆಂಬ್ಲಿಯನ್ನು ಕೆಡಿಸುತ್ತದೆ. ಅಂಥ ಎಲ್ಲ ಕಡೆ ಘೋಷಣೆ ಬೇರೆ, ಬೆಲೆ ಕೊಡುವ ಸಾಲು ಬೇರೆ ಮಾಡಿ. ಸಿ++ನಲ್ಲಾದರೆ ಸ್ಟ್ಯಾಟಿಕ್ ಬಫರ್‌ಗಳನ್ನೂ, ಮೆಟೀರಿಯಲ್ ಕ್ಲಾಸ್ ಒಳಗೆ ಮ್ಯೂಟಬಲ್ ಆಗಿ ಇಟ್ಟಿರುವ ಸದಸ್ಯರನ್ನೂ ಹುಡುಕಿ.

ಲೂಪ್ ಒಳಗೆ ಮೆಮೊರಿ ಕೇಳುವುದನ್ನೂ ಇಲ್ಲೇ ನಿಲ್ಲಿಸಿ. ಪ್ರತಿ ಎಲಿಮೆಂಟ್‌ಗೂ ಹೊಸ ಅರೇ ತೆಗೆದು ಬಿಸಾಕಿದರೆ ಎಲ್ಲ ಥ್ರೆಡ್‌ಗಳೂ ಮೆಮೊರಿ ಅಲೊಕೇಟರ್ ಮುಂದೆ ಸಾಲು ನಿಲ್ಲಬಹುದು. ಥ್ರೆಡ್‌ಗೆ ಒಂದರಂತೆ ಕೆಲಸದ ಜಾಗ ಮೊದಲೇ ಕೊಟ್ಟುಬಿಡಿ. ಆದರೆ ಆ ಜಾಗಗಳನ್ನು ಒಂದೇ ಅರೇಯಲ್ಲಿ ಒತ್ತೊತ್ತಾಗಿ ಇಡಬೇಡಿ. ಕ್ಯಾಶ್‌ನ (ಪ್ರೊಸೆಸರ್ ಪಕ್ಕದ ವೇಗದ ಮೆಮೊರಿ) ಒಂದು ಸಾಲು ಸಾಮಾನ್ಯವಾಗಿ 64 ಬೈಟ್ ಇರುತ್ತದೆ. ಇಬ್ಬರ ಡೇಟಾ ಒಂದೇ ಸಾಲಿನಲ್ಲಿದ್ದರೆ ಒಬ್ಬರು ಬರೆದಾಗಲೆಲ್ಲ ಇನ್ನೊಬ್ಬರ ಕ್ಯಾಶ್ ಕೆಡುತ್ತದೆ.

ಹಂತ 4: ಸೊನ್ನೆಯಲ್ಲದ ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ

ಮೆಶ್ ಬದಲಾಗದಿದ್ದರೆ ಸ್ಪಾರ್ಸ್ (ಹೆಚ್ಚಿನ ಜಾಗ ಸೊನ್ನೆಯೇ ಇರುವ) ಮ್ಯಾಟ್ರಿಕ್ಸ್‌ನ ಆಕಾರವೂ ಬದಲಾಗುವುದಿಲ್ಲ. ಅದನ್ನು ಒಂದೇ ಸಲ ಕಟ್ಟಿ ಇಟ್ಟುಕೊಳ್ಳಿ. ಅಸೆಂಬ್ಲಿ ನಡೆಯುವಾಗ ಹೊಸ ಜಾಗ ಹುಟ್ಟಲೇಬಾರದು. ಇದ್ದ ಜಾಗಕ್ಕೆ ಕೂಡಿಸುವುದು ಮಾತ್ರ. ಹೊಸ ಜಾಗ ಸೇರಿಸುವುದನ್ನು ಹಲವು ಥ್ರೆಡ್‌ಗಳಿಂದ ಮಾಡಿಸುವುದು ಬಹಳ ಕಷ್ಟದ ಕೆಲಸ.

ಮುಂದಿನ ಮಾತೆಲ್ಲ ಸ್ಪಷ್ಟವಾಗಲಿ ಅಂತ ಒಂದು ಲೆಕ್ಕ ಹಿಡಿಯೋಣ. ಒಂದು ಘನ, ಪ್ರತಿ ದಿಕ್ಕಿಗೆ 100ರಂತೆ ಎಂಟು ನೋಡ್‌ಗಳ ಎಲಿಮೆಂಟ್‌ಗಳು. ಒಟ್ಟು 10 ಲಕ್ಷ ಎಲಿಮೆಂಟ್, 10.3 ಲಕ್ಷ ನೋಡ್, 30.9 ಲಕ್ಷ ಡಿಗ್ರಿ ಆಫ್ ಫ್ರೀಡಮ್. ಒಂದು ಎಲಿಮೆಂಟ್‌ನ ಮ್ಯಾಟ್ರಿಕ್ಸ್ 24 × 24, ಅಂದರೆ 576 ಸಂಖ್ಯೆಗಳು. ಗ್ಲೋಬಲ್ ಮ್ಯಾಟ್ರಿಕ್ಸ್‌ನಲ್ಲಿ ಸೊನ್ನೆಯಲ್ಲದ ಜಾಗಗಳು ಸುಮಾರು 24.5 ಕೋಟಿ. ಸಿಎಸ್‌ಆರ್ ರೂಪದಲ್ಲಿ (ಸೊನ್ನೆಯಲ್ಲದವನ್ನು ಮಾತ್ರ ಸಾಲು ಸಾಲಾಗಿ ಇಡುವ ರೀತಿ) ಇಟ್ಟರೆ ಬೆಲೆಗಳಿಗೆ 1.96 ಜಿಬಿ, ಅಂಕಣದ ಸಂಖ್ಯೆಗಳಿಗೆ 0.98 ಜಿಬಿ.

ಈಗ ಒಂದು ಎಲಿಮೆಂಟ್‌ನ ಸಂಖ್ಯೆ ಸಿಎಸ್‌ಆರ್‌ನಲ್ಲಿ ಎಲ್ಲಿ ಹೋಗಬೇಕು ಅಂತ ಪ್ರತಿ ಸಲ ಹುಡುಕುವುದು ದಂಡ. 576 ಜಾಗಗಳನ್ನೂ ಬರೆದಿಟ್ಟರೆ ಅದೇ 2.3 ಜಿಬಿ ಆಗುತ್ತದೆ. ನನಗೆ ಇಷ್ಟವಾದ ಉಪಾಯ ಹೀಗಿದೆ. ಒಂದು ನೋಡ್‌ನ ಮೂರೂ ಸಾಲುಗಳಿಗೆ ಅಂಕಣಗಳ ಪಟ್ಟಿ ಒಂದೇ. ಆದ್ದರಿಂದ "ಈ ನೋಡ್‌ನ ನೆರೆಯವರಲ್ಲಿ ಆ ನೋಡ್ ಎಷ್ಟನೆಯದು" ಅನ್ನುವುದನ್ನು ಮಾತ್ರ ಬರೆದಿಡಿ. ನಮ್ಮ ಘನದಲ್ಲಿ ತನ್ನನ್ನೂ ಸೇರಿಸಿ ನೆರೆಯವರು ಹೆಚ್ಚೆಂದರೆ 27. ಒಂದು ಬೈಟ್ ಸಾಕು. ಎಲಿಮೆಂಟ್‌ಗೆ 8 × 8 = 64 ಬೈಟ್, ಇಡೀ ಮೆಶ್‌ಗೆ 64 ಎಂಬಿ. ಸಾಲಿನ ಶುರು ಗೊತ್ತಿದ್ದರೆ ಉಳಿದದ್ದು ಒಂದು ಗುಣಾಕಾರ, ಎರಡು ಕೂಡಿಕೆ. ಹುಡುಕಾಟವೇ ಇಲ್ಲ.

ಇನ್ನೊಂದು ಮಾತು. 32 ಬಿಟ್ ಪೂರ್ಣಾಂಕ 214 ಕೋಟಿಗೆ ಮುಗಿಯುತ್ತದೆ. ಈ ಘನಕ್ಕೆ ಸಾಕು. ಇದರ ಹತ್ತು ಪಟ್ಟು ದೊಡ್ಡ ಮಾಡೆಲ್‌ಗೆ ಸಾಲದು. ಸಾಲಿನ ಶುರು ತೋರಿಸುವ ಅರೇಯನ್ನಾದರೂ ಈಗಲೇ 64 ಬಿಟ್ ಮಾಡಿಕೊಳ್ಳಿ.

ಹಂತ 5: ಬರೆಯುವ ಜಾಗ ಹಂಚಿ

ಇಲ್ಲಿ ದಾರಿಗಳು ಹಲವು. ಮೊದಲು ಬೇಡದವನ್ನು ಬದಿಗಿಡೋಣ.

ಕೂಡಿಸುವ ಭಾಗಕ್ಕೆ ಒಂದು ದೊಡ್ಡ ಲಾಕ್ ಹಾಕಿದರೆ ಉತ್ತರ ಸರಿ ಬರುತ್ತದೆ, ಆದರೆ ಎಲ್ಲರೂ ಒಂದೇ ಬಾಗಿಲಲ್ಲಿ ಕಾಯುತ್ತಾರೆ. ಪ್ರತಿ ಥ್ರೆಡ್‌ಗೂ ಮ್ಯಾಟ್ರಿಕ್ಸ್‌ನ ಒಂದೊಂದು ಪ್ರತಿ ಕೊಟ್ಟು ಕೊನೆಗೆ ಕೂಡಿಸಿದರೆ ನಮ್ಮ ಘನಕ್ಕೆ 16 ಥ್ರೆಡ್‌ಗಳಿಗೆ ಬೆಲೆಗಳಿಗೇ 31 ಜಿಬಿ ಬೇಕು. ಬಲಗಡೆಯ ಲೋಡ್ ವೆಕ್ಟರ್‌ಗೆ ಮಾತ್ರ ಇದು ಒಳ್ಳೆಯ ದಾರಿ, ಅದು ಚಿಕ್ಕದು. ಅಂದಹಾಗೆ, ಲೋಡ್ ವೆಕ್ಟರ್‌ನಲ್ಲೂ ಇದೇ ತೊಂದರೆ ಇದೆ. ಮ್ಯಾಟ್ರಿಕ್ಸ್ ಸರಿಮಾಡಿ ವೆಕ್ಟರ್ ಮರೆತವರನ್ನು ನಾನು ನೋಡಿದ್ದೇನೆ.

ಸಾಲು, ಅಂಕಣ, ಬೆಲೆ ಅಂತ ಮೂರು ಮೂರನ್ನು ಪಟ್ಟಿ ಮಾಡಿ, ಆಮೇಲೆ ವಿಂಗಡಿಸಿ ಕೂಡಿಸುವುದು ಇನ್ನೊಂದು. ಪ್ರತಿ ಥ್ರೆಡ್ ಪಟ್ಟಿಯ ತನ್ನ ಭಾಗದಲ್ಲಿ ಬರೆಯುವುದರಿಂದ ಜಗಳವೇ ಇಲ್ಲ. ಪೈಥಾನ್‌ನಲ್ಲಿ ಸೈಪೈ ಲೈಬ್ರರಿ ಬಳಸುವವರಿಗೆ ಇದೇ ಸಹಜವಾದ ದಾರಿ. ಈ ಪಟ್ಟಿಯ ರೂಪವಾದ ಸಿಒಒಯಿಂದ ಸಿಎಸ್‌ಆರ್‌ಗೆ ಬದಲಿಸುವಾಗ ಒಂದೇ ಜಾಗದ ಬೆಲೆಗಳು ತಾವೇ ಕೂಡಿಕೊಳ್ಳುತ್ತವೆ. ಆದರೆ ನಮ್ಮ ಘನಕ್ಕೆ 57.6 ಕೋಟಿ ನಮೂದು, ಒಂದಕ್ಕೆ 16 ಬೈಟ್‌ನಂತೆ 9.2 ಜಿಬಿ. ಮಧ್ಯಮ ಗಾತ್ರದವರೆಗೆ ಸರಿ.

ಅಟಾಮಿಕ್ ಅಂದರೆ ಓದು, ಕೂಡಿಸು, ಬರೆ ಈ ಮೂರನ್ನೂ ಮಧ್ಯೆ ಯಾರೂ ನುಗ್ಗದಂತೆ ಮಾಡುವುದು. ಓಪನ್‌ಎಂಪಿಯಲ್ಲಿ ಕೂಡಿಸುವ ಸಾಲಿನ ಮೇಲೆ ಒಂದು ಸೂಚನೆ ಬರೆದರೆ ಆಯಿತು. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಡಬಲ್ ಸಂಖ್ಯೆಯನ್ನು ಹೀಗೆ ಕೂಡಿಸುವ ನೇರ ಆಜ್ಞೆ ಇಲ್ಲ. ಓದಿದ್ದು ಇನ್ನೂ ಹಾಗೇ ಇದೆಯಾ ನೋಡು, ಇದ್ದರೆ ಬರೆ, ಇಲ್ಲದಿದ್ದರೆ ಮತ್ತೆ ಓದು ಅಂತ ಕಂಪೈಲರ್ ಒಂದು ಸಣ್ಣ ಲೂಪ್ ಹಾಕುತ್ತದೆ. ಜಗಳ ಇಲ್ಲದಿದ್ದರೂ ಅದರ ಖರ್ಚು ಇದ್ದೇ ಇರುತ್ತದೆ. ಲೋಕಲ್ ಲೆಕ್ಕ ಭಾರವಾಗಿದ್ದರೆ ಈ ಖರ್ಚು ಗೊತ್ತಾಗುವುದಿಲ್ಲ. ಎನ್ವಿಡಿಯಾ ಜಿಪಿಯುಗಳಲ್ಲಿ ಪಾಸ್ಕಲ್ ತಲೆಮಾರಿನಿಂದ ಡಬಲ್ ಸಂಖ್ಯೆಗೂ ಹಾರ್ಡ್‌ವೇರ್‌ನಲ್ಲೇ ಈ ಸೌಲಭ್ಯ ಇದೆ, ಅಲ್ಲಿ ನಾನು ಮೊದಲು ಇದನ್ನೇ ನೋಡುತ್ತೇನೆ. ಒಂದೇ ಕೊರತೆ: ಕೂಡುವ ಕ್ರಮ ಪ್ರತಿ ಸಲ ಬದಲಾಗುತ್ತದೆ. ಹಾಗಾಗಿ ಕೊನೆಯ ಅಂಕಿಗಳು ಪ್ರತಿ ಸಲ ಬೇರೆ ಬರುತ್ತವೆ.

ಇನ್ನು ಬಣ್ಣ ಹಚ್ಚುವ ದಾರಿ. ಥ್ರೆಡ್‌ಗಳ ಮಟ್ಟದಲ್ಲಿ ನನ್ನ ಆಯ್ಕೆ ಇದು.

ಚೌಕಾಬಾರದ ಮಣೆ ನೆನಪಿಸಿಕೊಳ್ಳಿ. 5 × 5, ಒಟ್ಟು 25 ಮನೆ. ಪ್ರತಿ ಮನೆ ಒಂದು ಎಲಿಮೆಂಟ್, ಗೆರೆಗಳು ಸೇರುವ 36 ಮೂಲೆಗಳು ನೋಡ್‌ಗಳು. ಒಂದು ಮೂಲೆಯನ್ನಾದರೂ ಹಂಚಿಕೊಂಡಿರುವ ಎರಡು ಮನೆಗಳಿಗೆ ಒಂದೇ ಬಣ್ಣ ಇರಬಾರದು ಎನ್ನುವುದು ನಿಯಮ. ಒಳಗಿನ ಮೂಲೆಯಲ್ಲಿ ನಾಲ್ಕು ಮನೆ ಸೇರುತ್ತವೆ, ಹಾಗಾಗಿ ನಾಲ್ಕು ಬಣ್ಣ ಬೇಕೇ ಬೇಕು. ನಾಲ್ಕು ಸಾಕು ಕೂಡ. ಬೆಸ ಸಾಲಿನ ಬೆಸ ಅಂಕಣದ ಮನೆಗಳಿಗೆ ಕೆಂಪು: 9 ಮನೆ. ಬೆಸ ಸಾಲು, ಸಮ ಅಂಕಣಕ್ಕೆ ಹಳದಿ: 6. ಸಮ ಸಾಲು, ಬೆಸ ಅಂಕಣಕ್ಕೆ ಹಸಿರು: 6. ಉಳಿದ 4 ನೀಲಿ. ಈಗ 9 ಕೆಂಪು ಮನೆಗಳನ್ನು ಒಟ್ಟಿಗೆ ಒಂಬತ್ತು ಥ್ರೆಡ್‌ಗಳು ಬರೆಯಲಿ, ಯಾರೂ ಯಾರ ಮೂಲೆಯನ್ನೂ ಮುಟ್ಟುವುದಿಲ್ಲ. ಕೆಂಪು ಪೂರ್ತಿ ಮುಗಿದ ಮೇಲೆ ಹಳದಿ.

ಪ್ರತಿ ಬಣ್ಣಕ್ಕೆ, ಒಂದಾದ ಮೇಲೊಂದು:
　ಆ ಬಣ್ಣದ ಎಲಿಮೆಂಟ್‌ಗಳನ್ನು ಥ್ರೆಡ್‌ಗಳು ಹಂಚಿಕೊಳ್ಳಲಿ:
　　ಲೋಕಲ್ ಮ್ಯಾಟ್ರಿಕ್ಸ್ ಲೆಕ್ಕ ಹಾಕು
　　ಗ್ಲೋಬಲ್ ಮ್ಯಾಟ್ರಿಕ್ಸ್‌ಗೆ ಕೂಡಿಸು (ಲಾಕ್ ಬೇಡ, ಅಟಾಮಿಕ್ ಬೇಡ)
　ಎಲ್ಲ ಥ್ರೆಡ್‌ಗಳೂ ಮುಗಿಸುವವರೆಗೆ ಕಾಯಿ

ಇದರಲ್ಲಿ ನನಗೆ ತುಂಬಾ ಹಿಡಿಸಿದ ಗುಣ ಒಂದಿದೆ. ಒಂದು ಬಣ್ಣದಲ್ಲಿ ಒಂದು ಜಾಗಕ್ಕೆ ಹೆಚ್ಚೆಂದರೆ ಒಬ್ಬರು ಬರೆಯುತ್ತಾರೆ. ಹಾಗಾಗಿ ಪ್ರತಿ ಜಾಗದ ಕೂಡಿಕೆ ಬಣ್ಣಗಳ ಕ್ರಮದಲ್ಲೇ ಆಗುತ್ತದೆ. ಥ್ರೆಡ್ 2 ಇರಲಿ 16 ಇರಲಿ, ಯಾರು ಮೊದಲು ಮುಗಿಸಲಿ ಬಿಡಲಿ, ಮ್ಯಾಟ್ರಿಕ್ಸ್ ಕೊನೆಯ ಬಿಟ್‌ವರೆಗೂ ಒಂದೇ. ಆ ಬ್ರಾಕೆಟ್‌ಗೆ ನಾವು ಕೊನೆಗೆ ಹಾಕಿದ್ದು ಇದನ್ನೇ. ಹುಡುಗ ಐದು ಸಲ ಓಡಿಸಿ ಐದು ಮ್ಯಾಟ್ರಿಕ್ಸ್ ಫೈಲ್‌ಗಳನ್ನು ಹೋಲಿಸಿದ. ಒಂದು ಬೈಟ್ ಕೂಡ ಬೇರೆ ಇರಲಿಲ್ಲ.

ಸಾಮಾನ್ಯ ಮೆಶ್‌ಗೆ ಬಣ್ಣ ಹಚ್ಚುವ ವಿಧಾನ ಸರಳ. ಮೊದಲು ಪ್ರತಿ ನೋಡ್‌ಗೆ ಯಾವ ಯಾವ ಎಲಿಮೆಂಟ್ ಸೇರಿದೆ ಅಂತ ಪಟ್ಟಿ ಮಾಡಿ. ಆಮೇಲೆ ಒಂದೊಂದೇ ಎಲಿಮೆಂಟ್ ತಗೊಳ್ಳಿ. ಅದರ ನೋಡ್‌ಗಳ ಮೂಲಕ ನೆರೆಯವರನ್ನು ನೋಡಿ, ಅವರು ಬಳಸದ ಅತಿ ಚಿಕ್ಕ ಬಣ್ಣದ ಸಂಖ್ಯೆ ಕೊಡಿ. ಇದನ್ನು ಒಂದು ಥ್ರೆಡ್‌ನಲ್ಲೇ ಮಾಡಿ, ಮೆಶ್‌ಗೆ ಒಂದೇ ಸಲ ಬೇಕಾಗುವುದು. ನಮ್ಮ ಘನಕ್ಕೆ 8 ಬಣ್ಣ ಸಾಕು. ಟೆಟ್ರಾ (ನಾಲ್ಕು ಮುಖದ ತುಂಡುಗಳ) ಮೆಶ್‌ನಲ್ಲಿ ಒಂದು ನೋಡ್‌ಗೆ 20ಕ್ಕೂ ಜಾಸ್ತಿ ಎಲಿಮೆಂಟ್ ಸೇರುವುದು ಸಾಮಾನ್ಯ, ಅಷ್ಟು ಬಣ್ಣವಾದರೂ ಬೇಕೇ ಬೇಕು.

ತೊಂದರೆಯೂ ಇದೆ. ಒಂದೇ ಬಣ್ಣದ ಎಲಿಮೆಂಟ್‌ಗಳು ದೂರ ದೂರ ಇರುತ್ತವೆ. ಪಕ್ಕದ ಎಲಿಮೆಂಟ್‌ಗಾಗಿ ಕ್ಯಾಶ್‌ಗೆ ತಂದ ಡೇಟಾ ಬಳಕೆಯಾಗದೆ ಹೊರಗೆ ಹೋಗುತ್ತದೆ. ಇದಕ್ಕೆ ಮದ್ದು ಎಲಿಮೆಂಟ್‌ಗೆ ಬಣ್ಣ ಹಚ್ಚುವ ಬದಲು ಗುಂಪಿಗೆ ಬಣ್ಣ ಹಚ್ಚುವುದು. ಮೆಶ್ ಅನ್ನು ಮೆಟಿಸ್‌ನಂಥ ಲೈಬ್ರರಿಯಿಂದ ಕೆಲವು ನೂರು ಎಲಿಮೆಂಟ್‌ಗಳ ಗುಂಪುಗಳಾಗಿ ಒಡೆಯಿರಿ. ಗುಂಪುಗಳಿಗೆ ಅದೇ ನಿಯಮದಲ್ಲಿ ಬಣ್ಣ ಕೊಡಿ. ಒಂದು ಗುಂಪನ್ನು ಒಂದೇ ಥ್ರೆಡ್ ಪೂರ್ತಿ ಮಾಡಲಿ. ಗುಂಪಿನ ಒಳಗೆ ಕ್ರಮ ಗಟ್ಟಿ ಇರುವುದರಿಂದ ಮೇಲಿನ ಗುಣವೂ ಉಳಿಯುತ್ತದೆ. ಬಣ್ಣಕ್ಕೆ ಸಾಕಷ್ಟು ಗುಂಪುಗಳು ಇರುವಂತೆ ಮಾತ್ರ ನೋಡಿಕೊಳ್ಳಿ. 16 ಥ್ರೆಡ್ ಇದ್ದು ಕೊನೆಯ ಬಣ್ಣದಲ್ಲಿ 3 ಗುಂಪು ಉಳಿದರೆ 13 ಜನ ಕೈಕಟ್ಟಿ ಕೂರುತ್ತಾರೆ.

ಲೋಕಲ್ ಲೆಕ್ಕ ತುಂಬಾ ಭಾರ, ಕೂಡಿಸುವುದು ತುಂಬಾ ಹಗುರ ಅಂತ ನಿಮ್ಮ ಅಳತೆಯಲ್ಲಿ ಕಂಡರೆ ಇನ್ನೂ ಸುಲಭದ ದಾರಿ ಇದೆ. ಲೆಕ್ಕವನ್ನು ಎಲ್ಲ ಥ್ರೆಡ್‌ಗಳೂ ಹಾಕಲಿ, ಬರೆಯುವವನು ಒಬ್ಬನೇ ಇರಲಿ, ಅವನು ಎಲಿಮೆಂಟ್‌ಗಳ ಕ್ರಮದಲ್ಲೇ ಬರೆಯಲಿ. ಡೀಲ್.ಟು ಲೈಬ್ರರಿಯ ವರ್ಕ್‌ಸ್ಟ್ರೀಮ್ ಕೆಲಸ ಮಾಡುವುದು ಈ ಆಲೋಚನೆಯ ಮೇಲೆ. ಅದರಲ್ಲಿ ಬಣ್ಣ ಬಳಸುವ ರೂಪವೂ ಇದೆ.

ಹಂತ 6: ಒಂದು ಯಂತ್ರ ಸಾಲದಾದಾಗ

ಹಲವು ಯಂತ್ರಗಳು ಸೇರಿದ ಕ್ಲಸ್ಟರ್ ಮೇಲೆ, ಉದಾಹರಣೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪರಮ್ ಪ್ರವೇಗದಂಥ ಯಂತ್ರದ ಮೇಲೆ ಓಡಿಸಬೇಕಾದರೆ ಎಂಪಿಐ (ಬೇರೆ ಬೇರೆ ಪ್ರೊಸೆಸ್‌ಗಳ ನಡುವೆ ಮೆಸೇಜ್ ಕಳಿಸುವ ವ್ಯವಸ್ಥೆ) ಬೇಕು. ಇಲ್ಲಿ ಮೆಮೊರಿ ಹಂಚಿಕೊಂಡಿಲ್ಲ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ತಪ್ಪಿ ಬರೆಯೋಕೆ ಸಾಧ್ಯವೇ ಇಲ್ಲ. ಆದರೆ ಪಾಲನ್ನು ಕಳಿಸಬೇಕು, ಅಥವಾ ಕಳಿಸುವ ಅಗತ್ಯವೇ ಬಾರದಂತೆ ಮಾಡಬೇಕು.

ಮೊದಲು ಮೆಶ್ ಅನ್ನು ಮೆಟಿಸ್ ಅಥವಾ ಪಾರ್‌ಮೆಟಿಸ್‌ನಿಂದ ಭಾಗ ಮಾಡಿ. ಆಮೇಲೆ ನೋಡ್‌ಗಳಿಗೆ ಹೊಸ ಸಂಖ್ಯೆ ಕೊಡಿ, ಪ್ರತಿ ಪ್ರೊಸೆಸ್‌ನ ಸಾಲುಗಳು ಒಂದರ ಪಕ್ಕ ಒಂದು ಬರುವಂತೆ. ದೊಡ್ಡ ಸಮೀಕರಣ ಬಿಡಿಸುವ ಪೆಟ್‌ಸ್ಕಿ (PETSc) ಲೈಬ್ರರಿ ಇದನ್ನೇ ಬಯಸುತ್ತದೆ. ಪೆಟ್‌ಸ್ಕಿಯಲ್ಲಿ ನೀವು ಮ್ಯಾಟ್‌ಸೆಟ್‌ವ್ಯಾಲ್ಯೂಸ್ (ಮ್ಯಾಟ್ರಿಕ್ಸ್‌ಗೆ ಬೆಲೆ ಸೇರಿಸುವ ಫಂಕ್ಷನ್) ಕರೆದಾಗ ಬೇರೆಯವರ ಸಾಲಿಗೆ ಸೇರಿದ ಬೆಲೆಗಳನ್ನು ಅದು ಪಕ್ಕಕ್ಕೆ ಎತ್ತಿಟ್ಟುಕೊಳ್ಳುತ್ತದೆ. ಕೊನೆಗೆ ಮ್ಯಾಟ್‌ಅಸೆಂಬ್ಲಿಬಿಗಿನ್ ಮತ್ತು ಮ್ಯಾಟ್‌ಅಸೆಂಬ್ಲಿಎಂಡ್ ಕರೆದಾಗ ಅವನ್ನು ಸೇರಬೇಕಾದವರಿಗೆ ಕಳಿಸುತ್ತದೆ. ಎರಡರ ನಡುವೆ ಬೇರೆ ಕೆಲಸ ಇದ್ದರೆ ಮಾಡಿಕೊಳ್ಳಬಹುದು. ಪ್ರತಿ ಸಾಲಿಗೆ ಎಷ್ಟು ಜಾಗ ಬೇಕೆಂದು ಮೊದಲೇ ಹೇಳಿ. ಹಂತ 4ರಲ್ಲಿ ಕಟ್ಟಿದ ಆಕಾರ ಇಲ್ಲೂ ಕೆಲಸಕ್ಕೆ ಬರುತ್ತದೆ. ಮುಂಚೆ ಹೇಳದೆ ಓಡಿಸಿದ ಹಳೆಯ ಪೆಟ್‌ಸ್ಕಿ ಕೋಡ್‌ಗಳು ಅಸೆಂಬ್ಲಿಯಲ್ಲೇ ನಿಂತುಬಿಟ್ಟಂತೆ ಕಾಣುತ್ತಿದ್ದವು.

ಒಂದೇ ಪೆಟ್‌ಸ್ಕಿ ಮ್ಯಾಟ್ರಿಕ್ಸ್ ಮೇಲೆ ಹಲವು ಥ್ರೆಡ್‌ಗಳಿಂದ ಮ್ಯಾಟ್‌ಸೆಟ್‌ವ್ಯಾಲ್ಯೂಸ್ ಕರೆಯಬೇಡಿ. ಬಣ್ಣ ಹಚ್ಚಿದ್ದರೂ ಬೇಡ. ಅದು ಒಳಗೆ ತನ್ನದೇ ಲೆಕ್ಕಪತ್ರ ಇಟ್ಟುಕೊಂಡಿರುತ್ತದೆ.

ಕಳಿಸುವುದೇ ಬೇಡ ಅಂದರೆ ಗಡಿಯ ಎಲಿಮೆಂಟ್‌ಗಳನ್ನು ಎರಡೂ ಕಡೆಯವರು ಲೆಕ್ಕ ಹಾಕಲಿ, ತಮ್ಮ ಸಾಲುಗಳಿಗೆ ಮಾತ್ರ ಬರೆದುಕೊಳ್ಳಲಿ. ಒಂದೇ ಕೆಲಸ ಎರಡು ಸಲ ಮಾಡಿದ ಹಾಗಾಯಿತಲ್ವಾ ಅನ್ನಬಹುದು. ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕೋಣ. ನಮ್ಮ ಘನವನ್ನು ಬ್ರೆಡ್ ಕೊಯ್ದ ಹಾಗೆ 16 ಹೋಳು ಮಾಡಿದರೆ 15 ಗಡಿ. ಪ್ರತಿ ಗಡಿಯಲ್ಲೂ 10,000 ಎಲಿಮೆಂಟ್ ಎರಡು ಸಲ. ಒಟ್ಟು 1.5 ಲಕ್ಷ, ಅಂದರೆ 15% ಹೆಚ್ಚು ಕೆಲಸ. ಅದೇ ಘನವನ್ನು 4 × 2 × 2 ಆಗಿ ಕತ್ತರಿಸಿದರೆ ಗಡಿಗಳು 5, ಹೆಚ್ಚಿನ ಕೆಲಸ ಸುಮಾರು 5%. ಆ 5% ಕೊಟ್ಟು ಮೆಸೇಜ್ ಕಳಿಸುವ ಗೋಜಿನಿಂದ ಪಾರಾಗುವುದು ನನಗೆ ಒಳ್ಳೆಯ ವ್ಯಾಪಾರ ಅನಿಸುತ್ತದೆ. ಲೋಕಲ್ ಲೆಕ್ಕ ತುಂಬಾ ಭಾರವಾಗಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ.

ಹಂತ 7: ವೇಗ ಬರದಿದ್ದರೆ

ಥ್ರೆಡ್‌ಗಳನ್ನು 1, 2, 4, 8, 16 ಮಾಡುತ್ತಾ ಸಮಯ ಬರೆದಿಡಿ. 4ರವರೆಗೆ ಚೆನ್ನಾಗಿ ಏರಿ ಆಮೇಲೆ ನಿಂತರೆ ಹೆಚ್ಚಿನ ಸಲ ಕಾರಣ ಮೆಮೊರಿ. ಸಣ್ಣ ಟೆಟ್ರಾ ಎಲಿಮೆಂಟ್‌ಗಳಲ್ಲಿ ಲೆಕ್ಕ ಕಡಿಮೆ, ಓಡಾಟ ಜಾಸ್ತಿ. ನೋಡ್‌ಗಳ ಸಂಖ್ಯೆಯನ್ನು ಒಮ್ಮೆ ಮರುಜೋಡಿಸಿ, ಹತ್ತಿರದ ನೋಡ್‌ಗಳಿಗೆ ಹತ್ತಿರದ ಸಂಖ್ಯೆ ಬರಲಿ. ಇದೊಂದೇ ಬದಲಾವಣೆ ಒಂದು ಥ್ರೆಡ್‌ನ ಓಟವನ್ನೂ ಚುರುಕು ಮಾಡುತ್ತದೆ.

ಎರಡು ಪ್ರೊಸೆಸರ್ ಇರುವ ಸರ್ವರ್ ಆಗಿದ್ದರೆ ಮ್ಯಾಟ್ರಿಕ್ಸ್‌ಗೆ ಸೊನ್ನೆ ತುಂಬುವ ಲೂಪ್ ನೋಡಿ. ಲಿನಕ್ಸ್ ಸಾಮಾನ್ಯವಾಗಿ ಮೆಮೊರಿಯ ಪುಟವನ್ನು ಮೊದಲು ಮುಟ್ಟಿದ ಥ್ರೆಡ್‌ನ ಪಕ್ಕದಲ್ಲೇ ಇಡುತ್ತದೆ. ಒಂದೇ ಥ್ರೆಡ್ ಸೊನ್ನೆ ತುಂಬಿದರೆ ಇಡೀ ಮ್ಯಾಟ್ರಿಕ್ಸ್ ಒಂದು ಪ್ರೊಸೆಸರ್‌ನ ಕಡೆ ಸೇರಿಕೊಳ್ಳುತ್ತದೆ, ಇನ್ನೊಂದರ ಕೋರ್‌ಗಳು ದೂರದಿಂದ ತರಬೇಕಾಗುತ್ತದೆ. ಆ ಲೂಪ್ ಅನ್ನೂ ಪ್ಯಾರಲಲ್ ಮಾಡಿ, ಥ್ರೆಡ್‌ಗಳನ್ನು ಕೋರ್‌ಗಳಿಗೆ ಕಟ್ಟಿಹಾಕಿ.

ಪ್ಲಾಸ್ಟಿಕ್ ಆದ ಎಲಿಮೆಂಟ್‌ಗೆ ಎಲಾಸ್ಟಿಕ್ ಎಲಿಮೆಂಟ್‌ಗಿಂತ ಹೆಚ್ಚು ಸಮಯ ಬೇಕು. ಅವು ಒಂದೇ ಮೂಲೆಯಲ್ಲಿ ಸೇರಿದ್ದರೆ ಕೆಲಸ ಸಮ ಆಗಿ ಹಂಚಿರುವುದಿಲ್ಲ. ಓಪನ್‌ಎಂಪಿಯ ಡೈನಾಮಿಕ್ ಹಂಚಿಕೆ ಬಳಸಿ, ಒಂದೊಂದು ಸಲಕ್ಕೆ ಕೆಲವು ಹತ್ತು ಎಲಿಮೆಂಟ್ ಕೊಡಿ. ಬಣ್ಣದ ದಾರಿಯಲ್ಲಿ ಇದ್ದರೆ ಇದರಿಂದ ಉತ್ತರ ಬದಲಾಗುವುದಿಲ್ಲ.

ಕೊನೆಯದಾಗಿ, ಥ್ರೆಡ್ ಜಾಸ್ತಿ ಮಾಡಿದಷ್ಟೂ ನಿಧಾನವಾದರೆ ಲೋಕಲ್ ಲೆಕ್ಕದ ಒಳಗೆ ಬ್ಲಾಸ್ (ಮ್ಯಾಟ್ರಿಕ್ಸ್ ಲೆಕ್ಕದ ಸಿದ್ಧ ಫಂಕ್ಷನ್‌ಗಳು) ಕರೆ ಇದೆಯಾ ನೋಡಿ. ಬ್ಲಾಸ್ ಕೊಡುವ ಲೈಬ್ರರಿಗಳಾದ ಎಂಕೆಎಲ್, ಓಪನ್‌ಬ್ಲಾಸ್ ಎರಡೂ ತಮ್ಮದೇ ಥ್ರೆಡ್‌ಗಳನ್ನು ಎಬ್ಬಿಸಬಲ್ಲವು. ನಿಮ್ಮ 16 ಥ್ರೆಡ್‌ಗಳಲ್ಲಿ ಪ್ರತಿಯೊಂದೂ 24 × 24ರ ಪುಟ್ಟ ಗುಣಾಕಾರಕ್ಕೆ ಇನ್ನೂ 16 ಜನರನ್ನು ಕರೆದರೆ 256 ಥ್ರೆಡ್‌ಗಳು 16 ಕೋರ್‌ಗಳಿಗಾಗಿ ಕಿತ್ತಾಡುತ್ತವೆ. ಅಸೆಂಬ್ಲಿ ನಡೆಯುವಷ್ಟು ಹೊತ್ತು ಬ್ಲಾಸ್‌ಗೆ ಒಂದೇ ಥ್ರೆಡ್ ಅಂತ ಹೇಳಿ, ಸಾಲ್ವರ್ ಶುರುವಾಗುವಾಗ ವಾಪಸ್ ಕೊಡಿ.